ತಟ್ಟೆಯೊಳಗಿನ ಮುದುಕ

ಔಷಧಿ ಅಂಗಡಿಯಲ್ಲಿ ವರ್ಷಗಟ್ಟಲೆ ನಿಂತವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ: ಏನನ್ನೂ ಒಂದೇ ಸಲ ಓದಿ ನಂಬುವುದಿಲ್ಲ. ಮಾತ್ರೆಯಕ್ಕನಿಗಂತೂ ಅದು ಮೈಗೇ ಹತ್ತಿಬಿಟ್ಟಿತ್ತು. ಚೀಟಿ ಓದುವಳು, ಡಬ್ಬಿ ಓದುವಳು, ಮತ್ತೆ ಚೀಟಿ ಓದುವಳು. ಗಿರಾಕಿ ರಸ್ತೆ ದಾಟಿದ ಮೇಲೂ ಮನಸ್ಸಿನೊಳಗೇ ಇನ್ನೊಂದು ಸಲ ಓದುವಳು.

ಅಂಥವಳು ಆ ರಜೆಯ ಬೆಳಿಗ್ಗೆ ಒಂದು ಕೈಯಲ್ಲಿ ಅತ್ತೆಯ ತೋಳು, ಇನ್ನೊಂದು ಕೈಯಲ್ಲಿ ಬಿಳಿ ಕವರಿನ ಹಾಡಿನ ರೆಕಾರ್ಡು ಹಿಡಿದು ಹಲ್ಲು ಡಾಕ್ಟರ ಮೆಟ್ಟಿಲು ಹತ್ತುತ್ತಿದ್ದಳು. ಅತ್ತೆಗೆ ಹೊಸ ಹಲ್ಲಿನ ಸೆಟ್ಟಿಗೆ ಅಳತೆಯ ಅಚ್ಚು ಕೊಡಬೇಕಿತ್ತು. ರೆಕಾರ್ಡಿಗೆ ತೀರ್ಪು ಬೀಳಬೇಕಿತ್ತು. ಬಾಯಿ ತೆರೆಯಬೇಕಾದ ಅತ್ತೆ ಆರಾಮಾಗಿದ್ದರು. ಎದೆ ಡವಗುಟ್ಟುತ್ತಿದ್ದದ್ದು ಸೊಸೆಗೆ.

“ಯಾಕೆ ಹೀಗೆ ನಡುಗ್ತೀಯ? ಹಲ್ಲು ಕೀಳೋದು ನಿಂದಾ ನಂದಾ?”

“ನಿಮ್ಮದೂ ಕೀಳಲ್ಲ ಅತ್ತೆ. ಕೀಳೋಕೆ ಏನಿದೆ ಅಲ್ಲಿ?”

“ಅದೂ ಸರಿ ಅನ್ನು.”

ರಜೆಯ ದಿನ ಡಾಕ್ಟರ ದವಾಖಾನೆ ಟೆಕ್ನೋ ಕೇಳುವ ಮೂವರ ಕೋರ್ಟಾಗುತ್ತಿತ್ತು. ಟೆಕ್ನೋ ಎಂದರೆ ಹಾಡುಗಾರರಿಲ್ಲದ, ಯಂತ್ರಗಳ ಹೊಟ್ಟೆಯಿಂದಲೇ ಹುಟ್ಟಿದ ಕುಣಿತದ ಸಂಗೀತ. ಅದು ಇನ್ನೂ ಅಂಬೆಗಾಲಿಡುತ್ತಿದ್ದ ದಿನಗಳಲ್ಲಿ ಯಾರ್‍ಯಾರೋ ಆಯ್ದು ಒಂದೊಂದು ರೆಕಾರ್ಡು ತಟ್ಟೆಗೆ ಕಟ್ಟಿದ ಸಂಕಲನಗಳು, ಅದರಲ್ಲೂ ಅಚ್ಚು ನಿಂತುಹೋಗಿ ಎಲ್ಲೂ ಸಿಗದಂಥವು, ಈ ಮೂವರ ಹುಚ್ಚು. ಮೂವರಲ್ಲಿ ಒಬ್ಬರು ಡಾಕ್ಟರು. ಇನ್ನೊಬ್ಬ ಲಿಫ್ಟ್ ರಿಪೇರಿಯವನು, ಎಲ್ಲರ ಬಾಯಲ್ಲಿ ಲಿಫ್ಟಣ್ಣ. ಮೂರನೆಯವಳು ಮಾತ್ರೆಯಕ್ಕ.

ಕೋರ್ಟಿಗೆ ಕಾನೂನೂ ಇತ್ತು. ರೆಕಾರ್ಡು ತಂದವರು ಗೋಡೆಗೆ ಮುಖ ಮಾಡಿ ಕೂರಬೇಕು, ಅಂಕ ಬೀಳುವವರೆಗೂ ತುಟಿ ಪಿಟಕ್ಕೆನ್ನಬಾರದು. ತಂದವರ ಮುಖ ನೋಡಿದರೆ ದಾಕ್ಷಿಣ್ಯಕ್ಕೆ ಬಿದ್ದು ಅಂಕ ಏರುತ್ತದೆ ಎಂಬುದು ಡಾಕ್ಟರ ವಾದ. ಅವರಿಗೆ ಅಂಥ ಅಪಾಯವೇನೂ ಇರಲಿಲ್ಲ. ಹತ್ತಕ್ಕೆ ಐದರ ಮೇಲೆ ಅವರು ಯಾರಿಗೂ ಕೊಟ್ಟ ದಾಖಲೆಯಿಲ್ಲ. ಆದರೆ ಅಂಕಕ್ಕಿಂತ ದೊಡ್ಡ ಮರ್ಯಾದೆ ಬೇರೊಂದಿತ್ತು: “ಇದನ್ನ ಒಂದು ವಾರ ಮನೆಗೆ ಕೊಡ್ತೀರಾ?” ಎಂದು ಕೇಳುವುದು. ಡಾಕ್ಟರ ಬಾಯಿಂದ ಆ ಮಾತು ಇನ್ನೂ ಹೊರಟಿರಲಿಲ್ಲ.

ಇಷ್ಟು ದಿನ ಮಾತ್ರೆಯಕ್ಕ ಹಳೆ ಸಾಮಾನಿನಂಗಡಿಗಳಲ್ಲಿ ಸಿಕ್ಕಿದ್ದನ್ನೆಲ್ಲ ತಂದು, ಬೈಸಿಕೊಂಡು, ನಕ್ಕು ಹೋಗಿದ್ದಳು. ಇದೊಂದನ್ನು ಮಾತ್ರ ತಂದಿರಲಿಲ್ಲ. ಕಾಲೇಜಿನಲ್ಲಿದ್ದಾಗ ಸಿಕ್ಕ ತಟ್ಟೆ. ಹೆಸರಿಲ್ಲ, ಊರಿಲ್ಲ, ಇನ್ನೊಂದು ಪ್ರತಿ ಕಂಡವರಿಲ್ಲ. ಆಗ ದೊಡ್ಡಮ್ಮನ ಹಳೆ ಪ್ಲೇಯರಿನಲ್ಲಿ ಕೇಳುತ್ತಿದ್ದಳು. ಅದರ ಮೊದಲ ತುಣುಕಿನ ನಡುವೆ ಒಬ್ಬ ಮುದುಕ ನಗುತ್ತಿದ್ದ. ಹೊಟ್ಟೆಯಾಳದಿಂದ, ಅವಸರವಿಲ್ಲದೆ, ‘ಹೋಗ್ಲಿ ಬಿಡೇ, ಏನೂ ಆಗಲ್ಲ’ ಎನ್ನುವ ಹಾಗೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಯಾರಿಗೋ ತಪ್ಪು ಮಾತ್ರೆ ಕೊಟ್ಟೆನೇನೋ ಎಂದು ಕೊರಗುತ್ತಿದ್ದ ದಿನಗಳಲ್ಲಿ, ಅವಳು ಮುಳ್ಳನ್ನು ಆ ನಗುವಿನ ಮೇಲೆ ಇಳಿಸುತ್ತಿದ್ದಳು. ಡಾಕ್ಟರು ಅದನ್ನು ಕೇಳಿ ಮೂಗು ಮುರಿದರೆ? ಮನೆಗೆ ಹೋಗಿ ಹಾಕಿದಾಗ ಮುದುಕನ ನಗುವಿನ ಹಿಂದೆ ಡಾಕ್ಟರ ಮೂಗೂ ಕೇಳಿಸತೊಡಗಿದರೆ? ಅದೇ ಅವಳ ಭಯ. ಇವತ್ತು ತರಲು ಬೇರೇನೂ ಉಳಿದಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಬಚ್ಚಿಟ್ಟೂ ಬಚ್ಚಿಟ್ಟೂ ಅವಳಿಗೇ ಸಾಕಾಗಿತ್ತು.

ಅತ್ತೆ ಹಲ್ಲಿನ ಕುರ್ಚಿಯಲ್ಲಿ ಮಹಾರಾಣಿಯಂತೆ ಒರಗಿದರು. ಡಾಕ್ಟರು ಗುಲಾಬಿ ಬಣ್ಣದ ಹಿಟ್ಟು ಕಲಸಿ, ಅಚ್ಚಿನ ತಟ್ಟೆಗೆ ತುಂಬಿ, ಅವರ ಬಾಯಿಗೆ ಒತ್ತಿ ಹಿಡಿದರು.

“ಗಟ್ಟಿಯಾಗೋವರೆಗೂ ಅಲ್ಲಾಡಬಾರದಮ್ಮ. ಮಾತಂತೂ ಆಡಲೇಬಾರದು.”

“ಊಂ.”

“ಊಂ ಅಂತನೂ ಅನ್ನಬಾರದು. ಲಿಫ್ಟಣ್ಣ, ಹಾಕಯ್ಯ. ಕೈ ಇಲ್ಲಿದ್ದರೇನು, ಕಿವಿ ಅಲ್ಲಿದೆ.”

ಮಾತ್ರೆಯಕ್ಕ ಗೋಡೆಗೆ ತಿರುಗಿ ಕೂತಳು. ಎದುರಿಗೆ ಹಲ್ಲುಜ್ಜುವ ಕ್ರಮದ ಪಟ. ಅದರಲ್ಲೊಂದು ದವಡೆಹಲ್ಲು ಅವಳನ್ನೇ ನೋಡಿ ಕಿಸಿಯುತ್ತಿತ್ತು. ಬೆನ್ನ ಹಿಂದೆ ಲಿಫ್ಟಣ್ಣ ಎಂದಿನಂತೆ ತಟ್ಟೆಯನ್ನು ಡಾಕ್ಟರ ದೀಪದ ಕೆಳಗೆ ಓರೆ ಹಿಡಿದು ನೋಡಿದ್ದು, ಆಮೇಲೆ ಎಲ್ಲೋ ಟಕ್ಕೆಂದದ್ದು ಕೇಳಿಸಿತು. ಮುಳ್ಳು ಇಳಿಯಿತು.

ಇದ್ಯಾವುದಿದು?

ತಾಳ ಬಾಲಕ್ಕೆ ಬೆಂಕಿ ಬಿದ್ದ ಹಾಗೆ ಓಡುತ್ತಿತ್ತು. ಗಂಟೆಯಂಥ ದನಿಗಳು ಒಂದರ ಕಾಲನ್ನೊಂದು ತುಳಿಯುತ್ತಾ ಮೇಲೆ ಹಾರುತ್ತಿದ್ದವು. ಬೇರೆ ರೆಕಾರ್ಡು ತಂದೆನೇ ಎಂದುಕೊಂಡಳು. ಮೂರು ಸಲ ನೋಡಿಯೇ ತಂದದ್ದು! ಅಷ್ಟರಲ್ಲಿ ಆರಂಭದ ಗೀರಿನ ಟಿಕ್ ಟಿಕ್ ಕೇಳಿಸಿತು. ಅದು ಅವಳ ಕೈಯಿಂದಲೇ ಆದ ಗೀರು. ರೆಕಾರ್ಡು ತನ್ನದೇ. ಹಾಗಾದರೆ ಮುದುಕ? ಅವಳು ಕಾದಳು. ಅವನು ನಗಬೇಕಾದ ಜಾಗ ಬಂತು.

ನಕ್ಕದ್ದು ಒಬ್ಬ ಹುಡುಗಿ. ಕಾಲೇಜು ಹುಡುಗಿಯರು ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿಕೊಂಡು ನಗುವಂಥ, ತಡೆಯಲಾರದ ನಗು.

“ಊಂ! ಊಂಊಂ!” ಎಂದು ಕುರ್ಚಿಯಿಂದ ದೊಡ್ಡ ಗಲಾಟೆ ಎದ್ದಿತು.

“ಅಮ್ಮಾ, ಅಲ್ಲಾಡಬೇಡಿ! ಅಯ್ಯೋ, ಹೋಯ್ತು!”

ಮಾತ್ರೆಯಕ್ಕನಿಗೆ ಅತ್ತೆಯ ಆ ‘ಊಂ’ ಪೂರ್ತಿ ಅರ್ಥವಾಯಿತು. ತಾನು ಇಸ್ತ್ರಿ ಹಾಕುವಾಗಲೆಲ್ಲ ಮನೆಯಲ್ಲಿ ಹಾಡುತ್ತಿದ್ದ ತಟ್ಟೆ ಅದು. ಅತ್ತೆಗೂ ಮುದುಕನ ಪರಿಚಯವಿತ್ತು. ಆ ಕೋಣೆಯಲ್ಲಿ ಗುಟ್ಟು ಗೊತ್ತಿದ್ದವರು ಇಬ್ಬರೇ. ಒಬ್ಬರ ಬಾಯಿಗೆ ಹಿಟ್ಟು, ಇನ್ನೊಬ್ಬರ ಬಾಯಿಗೆ ಕಾನೂನು.

ತಟ್ಟೆಯ ಒಂದು ಮಗ್ಗುಲು ಮುಗಿಯಿತು. ಅಚ್ಚು ಕೆಟ್ಟಿತ್ತು, ಅತ್ತೆಯ ಬಾಯಿ ತೊಳೆಸುವುದು ಒಂದು ಕಡೆ, ತೀರ್ಪು ಇನ್ನೊಂದು ಕಡೆ.

“ನನ್ನದು ಏಳು. ಬ್ರೇಕಿಲ್ಲದ ಲಿಫ್ಟು, ಆದರೆ ಮಜಾ ಇದೆ,” ಎಂದ ಲಿಫ್ಟಣ್ಣ.

ಡಾಕ್ಟರು ಕೈ ಒರೆಸಿಕೊಂಡರು. “ಐದು. ಆಯ್ದವನಿಗೆ ಕಿವಿ ಇದೆ, ಸುಳ್ಳು ಹೇಳಬಾರದು. ಹೂವು ಒಳ್ಳೇವು. ಪೋಣಿಸಿದ ದಾರವೂ ಕಾಣಿಸಲ್ಲ. ಆದರೆ ಯಾಕೋ ಬಸ್ಸು ತಪ್ಪಿಹೋಗತ್ತೆ ಅನ್ನೋ ಅವಸರ.”

ಐದು! ಡಾಕ್ಟರ ಐದು ಎಂದರೆ ಬೇರೆಯವರ ಒಂಬತ್ತು. ಯಾರೂ ಮೂಗು ಮುರಿದಿರಲಿಲ್ಲ. ತಟ್ಟೆಯನ್ನು ಕವರಿಗೆ ಹಾಕಿಕೊಂಡು ಎದ್ದುಬಿಡಬಹುದಿತ್ತು. ಬಾಯಿಬಿಟ್ಟರೆ ಮಾನ ಹೋಗುವುದು ಖಂಡಿತ. ಆದರೆ ಮುದುಕನನ್ನು ಯಾರೂ ಕೇಳಿಯೇ ಇಲ್ಲವಲ್ಲ! ಅವನನ್ನು ಕರೆತಂದು ಬಾಗಿಲಾಚೆ ನಿಲ್ಲಿಸಿದ ಹಾಗಾಗಿತ್ತು. ಅವಳು ಇತ್ತ ತಿರುಗಿದಳು.

“ಲಿಫ್ಟಣ್ಣ, ಎಷ್ಟು ಸುತ್ತಿನ ವೇಗದಲ್ಲಿ ಹಾಕಿದೆ?”

“ನಿಮಿಷಕ್ಕೆ ನಲವತ್ತೈದು, ಅಕ್ಕಾ. ದೊಡ್ಡ ತಟ್ಟೆ ಅಂತ ಮೊದಲು ಮೂವತ್ತಮೂರಕ್ಕೇ ಇಟ್ಟಿದ್ದೆ. ಒಳಅಂಚಲ್ಲಿ ಕೈಯಿಂದ ನಲವತ್ತೈದು ಅಂತ ಕೆತ್ತಿದ್ದಾರೆ ನೋಡು, ಇರುವೆ ಕಾಲಿನ ಹಾಗೆ.”

ದೀಪದ ಕೆಳಗೆ ನೋಡಿದಳು. ಇತ್ತು. ಇಷ್ಟು ವರ್ಷವೂ ಇತ್ತು.

“ನಾನು… ಇದನ್ನ ಯಾವಾಗಲೂ ಮೂವತ್ತಮೂರರಲ್ಲೇ ಕೇಳಿದ್ದು,” ಎಂದಳು ಮೆಲ್ಲಗೆ. “ದೊಡ್ಡಮ್ಮನ ಪ್ಲೇಯರಿನ ಗುಂಡಿ ಅಲ್ಲೇ ಸಿಕ್ಕಿಕೊಂಡಿತ್ತು. ಆಮೇಲೆ ಹೊಸದು ಬಂದಾಗಲೂ ಅದೇ ರೂಢಿ.”

ಲಿಫ್ಟಣ್ಣ ಹೊಟ್ಟೆ ಹಿಡಿದುಕೊಂಡು ಬಾಗಿದ.

“ಅಕ್ಕಾ! ನೆಗಡಿ ಮಾತ್ರೆ ಕೊಡೋಕೆ ಮೂರು ಸಲ ಓದ್ತೀಯಲ್ಲಾ ನೀನು!”

“ಅರ್ಧ ಡೋಸಲ್ಲಿ ಜೀವನ ಕಳೆದಿದ್ದೀರಿ,” ಎಂದರು ಡಾಕ್ಟರು.

“ಅರ್ಧ ಅಲ್ಲ ಡಾಕ್ಟ್ರೇ, ಮುಕ್ಕಾಲು!” ಎಂದು ಲೆಕ್ಕ ತಿದ್ದಿದಳು ಮಾತ್ರೆಯಕ್ಕ. ಆ ತಿದ್ದುವಿಕೆಗೆ ಅವಳಿಗೇ ನಗು ಬಂತು. ಇಷ್ಟು ಹೆದರಿದ್ದು ಇದಕ್ಕೇನಾ?

ಅತ್ತೆಗೆ ಈಗ ಬಾಯಿ ಬಿಡುವಾಗಿತ್ತು. ಹಲ್ಲಿಲ್ಲದ ಮಾತು ಸಿಳ್ಳೆಯೊಡನೆ ಹೊರಬಂತು. “ನಗೋದು ಆಮೇಲೆ. ಮೊದಲು ನಮ್ಮ ಮುದುಕನ್ನ ಹಾಕ್ರಪ್ಪ. ಆ ಹುಡುಗಿ ಯಾರೋ, ಅವನ ಜಾಗದಲ್ಲಿ ಕೂತು ಕಿಸಿಕಿಸಿ ಅಂತಿದ್ದಾಳೆ!”

ಎರಡನೇ ಸಲ ಹಿಟ್ಟು ಕಲಸಿದರು. ಎರಡನೇ ಸಲ ಮುಳ್ಳು ಇಳಿಯಿತು, ಈ ಬಾರಿ ಮೂವತ್ತಮೂರಕ್ಕೆ. ಮಾತ್ರೆಯಕ್ಕ ಗೋಡೆಗೆ ತಿರುಗಲಿಲ್ಲ.

ಟಿಕ್… ಟಿಕ್… ಆಮೇಲೆ ತಾಳ ಬಂತು, ದೊಡ್ಡ ಪ್ರಾಣಿಯೊಂದು ನಿದ್ದೆ ಮುಗಿಸಿ ಮೈ ಮುರಿದು ನಡೆಯಲು ಹೊರಟಂತೆ. ಓಡುವಾಗ ಕಾಣದಿದ್ದ ದಾರಿಯೆಲ್ಲ ಈಗ ಕಂಡಿತು. ಗಂಟೆಗಳ ನಡುವೆ ಗಾಳಿಯಾಡಿತು, ಒಂದು ದನಿ ಇನ್ನೊಂದರ ಕೈ ಹಿಡಿದು ಇಳಿಸಿತು. ಲಿಫ್ಟಣ್ಣ ನಗು ನಿಲ್ಲಿಸಿ ನೆಲದ ಮೇಲೇ ಕೂತುಬಿಟ್ಟ. ಅತ್ತೆ ಕುತ್ತಿಗೆಯಿಂದ ಮೇಲೆ ಕಲ್ಲು. ಕೆಳಗೆ, ಕುರ್ಚಿಯ ತುದಿಯಲ್ಲಿ, ಅವರ ಎರಡೂ ಪಾದಗಳು ತಾಳ ಹಾಕುತ್ತಿದ್ದವು. ಡಾಕ್ಟರ ಕೈ ಅಲ್ಲಾಡುವಂತಿರಲಿಲ್ಲ. ಅವರ ಸೊಂಟಕ್ಕೆ ಯಾರೂ ಆ ನಿಯಮ ಹೇಳಿರಲಿಲ್ಲ.

ಮುದುಕ ನಕ್ಕ. ನಿಧಾನಕ್ಕೆ ತಿರುಗಿ ದಪ್ಪಗಾದ ಆ ನಗುವಿನೊಳಗೆ ಈಗ ಮಾತ್ರೆಯಕ್ಕನಿಗೆ ಹುಡುಗಿಯೂ ಕೇಳಿಸಿದಳು. ತಾನು ಹೆದರಿ ಹೆದರಿ ಕೆಲಸ ಕಲಿಯುತ್ತಿದ್ದ ಕಾಲಕ್ಕೆ ಜೊತೆಗಿದ್ದದ್ದು ತನ್ನದೇ ವಯಸ್ಸಿನ ಒಬ್ಬಳು! ಮುದುಕ ಎಲ್ಲಿಗೂ ಹೋಗಲಿಲ್ಲ. ಮನೆಗೆ ಇನ್ನೊಬ್ಬಳು ಬಂದಳು, ಅಷ್ಟೆ.

ಮುಳ್ಳು ಎದ್ದ ಮೇಲೆ ಲಿಫ್ಟಣ್ಣ ತಕರಾರು ತೆಗೆದ. “ಅಂಕ ಯಾವುದಕ್ಕೆ? ತಟ್ಟೆಗೋ, ದೊಡ್ಡಮ್ಮನ ಕೆಟ್ಟ ಗುಂಡಿಗೋ?”

ಡಾಕ್ಟರು ಅಚ್ಚನ್ನು ಹುಷಾರಾಗಿ ಹೊರತೆಗೆದು ಬೆಳಕಿಗೆ ಹಿಡಿದರು. ಈ ಸಲ ಒಂದು ಗೆರೆಯೂ ಕದಲಿರಲಿಲ್ಲ. ಅದನ್ನು ಬಟ್ಟಲಲ್ಲಿಟ್ಟರು. ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

“ಅಲ್ಲಮ್ಮಾ,” ಎಂದರು, ಯಾರದೋ ಮನೆ ಬಾಗಿಲಲ್ಲಿ ಸಕ್ಕರೆ ಕೇಳಲು ನಿಂತವರಂತೆ, “ಇದನ್ನ… ಒಂದು ವಾರ ಮನೆಗೆ ಕೊಡ್ತೀರಾ?”

ಮಾತ್ರೆಯಕ್ಕ ತಟ್ಟೆಯನ್ನು ಕವರಿಗೆ ಇಳಿಸಿದಳು. ಜೇಬಿನ ಪೆನ್ನು ತೆಗೆದು, ಅಂಗಡಿಯ ಡಬ್ಬಿಗಳ ಮೇಲೆ ಬರೆಯುವ ಅದೇ ದುಂಡು ಅಕ್ಷರದಲ್ಲಿ ಕವರಿನ ಮೇಲೆ ಬರೆದಳು: ‘ಮುದುಕ, ಮೂವತ್ತಮೂರು, ದಿನಕ್ಕೊಮ್ಮೆ. ಹುಡುಗಿ, ನಲವತ್ತೈದು, ಬೇಕಾದಾಗ.’ ಒಂದೇ ಸಲ ಓದಿದಳು. ಡಾಕ್ಟರ ಕೈಗೆ ಚಾಚಿದಳು.

ಮಧ್ಯೆ ಬಂದದ್ದು ಅತ್ತೆಯ ಕೈ.

“ತಡೆಯಪ್ಪಾ ಡಾಕ್ಟ್ರೇ. ನನ್ನ ಹಲ್ಲು ಯಾವಾಗ?”

“ಬರೋ ವಾರ, ಅಮ್ಮ.”

“ಒಂದು ವಾರ ಹಲ್ಲೂ ಇಲ್ಲ, ಮುದುಕನೂ ಇಲ್ಲ ಅಂದ್ರೆ ನಾನು ಮನೇಲಿ ಏನು ಮಾಡ್ಲಿ?” ಅತ್ತೆ ಕವರನ್ನು ಎದೆಗೊತ್ತಿಕೊಂಡು ಕುರ್ಚಿಯಿಂದ ಇಳಿದರು. “ಹಲ್ಲು ಕೊಟ್ಟ ದಿನ ತಟ್ಟೆ ತಗೊಂಡು ಹೋಗು. ನಡಿಯೇ ಹುಡುಗಿ, ಇಸ್ತ್ರಿ ಬಟ್ಟೆ ರಾಶಿ ಬಿದ್ದಿದೆ.”