ದಪ್ಪಣ್ಣನಿಗೆ ಅಪ್ಪಣೆ

ಪುಟ್ಟಿಗೆ ಹುಟ್ಟಿನಿಂದಲೂ ಕಾಲು ಬಿಗಿ, ಮಾತು ನಿಧಾನ. ಅವಳ ತುಟಿಗೆ ಮೊದಲ ಪದ ಬರುವಷ್ಟರಲ್ಲಿ ಅಜ್ಜಿ ಇಡೀ ವಾಕ್ಯ ಮುಗಿಸಿರುತ್ತಿದ್ದರು. ಮೊಮ್ಮಗಳ ಹಸಿವು, ನಿದ್ದೆ, ಸಿಟ್ಟು ಎಲ್ಲಕ್ಕೂ ಅಜ್ಜಿಯದೇ ವಕಾಲತ್ತು.

ಸೊಂಟ ಸಡಿಲಾಗಿ ಬೆನ್ನು ನೆಟ್ಟಗಾಗಲಿ ಎಂದು ಡಾಕ್ಟರು ಅವಳನ್ನು ಕುದುರೆ ಸವಾರಿಗೆ ಕಳಿಸಿದರು. ಅಲ್ಲಿದ್ದ ಮುದಿ ಕುದುರೆ ದಪ್ಪಣ್ಣ ನಿಂತಲ್ಲೇ ತೂಕಡಿಸುವ ಸಾಧು ಪ್ರಾಣಿ. ಸವಾರಿ ಕಲಿಸುವ ಟೀಚರ್ ಹಗ್ಗ ಹಿಡಿದರು, ಅಪ್ಪ ಪುಟ್ಟಿಯ ಕಾಲಿಗೆ ಆಸರೆಯಾಗಿ ಪಕ್ಕದಲ್ಲಿ ನಿಂತ. ಅಜ್ಜಿ ಬೇಲಿಯಾಚೆ ಬೆಂಚಿನ ಮೇಲೆ ಕೂತರು.

"ಪುಟ್ಟಿ, ಕುದುರೆಗೆ ಏನು ಹೇಳ್ಬೇಕು?" ಟೀಚರ್ ಕೇಳಿದರು.

"ನಡಿ ಅಂತಾಳೆ," ಎಂದರು ಅಜ್ಜಿ. ದಪ್ಪಣ್ಣ ನಡೆದೇಬಿಟ್ಟ.

"ಅಜ್ಜಿ, ಅದನ್ನ ಅವಳೇ ಹೇಳ್ಬೇಕು."

"ನಾನೆಲ್ಲಿ ಹೇಳ್ದೆ? ಅವಳು ಹೇಳ್ತಾಳೆ ಅಂದೆ, ಅಷ್ಟೇ."

ಅಷ್ಟರಲ್ಲಿ ಅಜ್ಜಿಯ ತಂಗಿಯ ಫೋನ್ ಬಂತು. "ನಿಲ್ಲು ನಿಲ್ಲು, ಯಾರು ಯಾರನ್ನ ಬಿಟ್ಟುಹೋದ್ರು?" ದಪ್ಪಣ್ಣ ಗಕ್ಕನೆ ನಿಂತ. "ಹೂಂ, ನಡಿ ಮುಂದಕ್ಕೆ, ಆಮೇಲೆ?" ದಪ್ಪಣ್ಣ ಹೊರಟ. "ಅಯ್ಯೋ, ನಿಲ್ಲು, ಅವಳ ಗಂಡ ಸುಮ್ನಿದ್ದನಾ?" ಮತ್ತೆ ನಿಂತ.

"ಅಮ್ಮ, ಫೋನ್ ಇಡಮ್ಮ," ಅಪ್ಪ ಗೋಗರೆದ. ಕುದುರೆಯ ಪಕ್ಕದಲ್ಲೇ ಓಡಿ ನಿಂತು, ನಿಂತು ಓಡಿ ಅವನಿಗೆ ಏದುಸಿರು ಬಂದಿತ್ತು.

ಮೊದಮೊದಲು ನಗುತ್ತಿದ್ದ ಪುಟ್ಟಿಯ ಮುಖ ಕೆಂಪೇರಿತು. ಜೂಲು ಹಿಡಿದು ಬೆನ್ನು ನೆಟ್ಟಗೆ ಮಾಡಿದಳು. "ಅ...ಜ್ಜಿ."

"ಅವಳಿಗೆ ನೀರು ಬೇಕಂತೆ," ಎಂದರು ಅಜ್ಜಿ.

ಟೀಚರ್ ಕೈ ಎತ್ತಿ ಸುಮ್ಮನಿರಿಸಿದರು. ಎಲ್ಲರೂ ಕಾದರು. ಫೋನಿನಲ್ಲಿ ತಂಗಿ ಮಾತ್ರ ಹಲೋ ಹಲೋ ಅನ್ನುತ್ತಿದ್ದಳು.

"ನನ್ನ... ಕುದುರೆ. ನೀನು... ಸುಮ್ನಿರು."

ಅಜ್ಜಿ ಫೋನನ್ನು ಮಡಿಲಿಗೆ ಇಳಿಸಿದರು. ಮೊಮ್ಮಗಳು ಒಟ್ಟಿಗೆ ಇಷ್ಟು ಮಾತು ಆಡಿದ್ದನ್ನು ಅವರು ಕೇಳಿಯೇ ಇರಲಿಲ್ಲ. ಕಣ್ಣು ತುಂಬಿತು. ಬೈಸಿಕೊಂಡ ಅವಮಾನಕ್ಕೋ ಸಂತೋಷಕ್ಕೋ ಅವರಿಗೇ ಗೊತ್ತಾಗಲಿಲ್ಲ.

"ನಡಿ," ಎಂದಳು ಪುಟ್ಟಿ. ದಪ್ಪಣ್ಣ ಅಷ್ಟರಲ್ಲಿ ನಿದ್ದೆಹೋಗಿದ್ದ. ಅವಳು ಮತ್ತೊಮ್ಮೆ, ಗದರಿ ಹೇಳಿದ ಮೇಲೆ ಹೊರಟ.

ವಾಪಸು ಬರುವಾಗ ಬಸ್ಸಿನ ಕಂಡಕ್ಟರ್, "ಎಲ್ಲಿಗೆ ಹೋಗಿದ್ದೆ ಮರಿ?" ಎಂದು ಕೇಳಿದ. ಅಪ್ಪ ಅಜ್ಜಿಯ ಮುಖ ನೋಡಿದ. ಅಜ್ಜಿ ಕಿಟಕಿಯತ್ತ ತಿರುಗಿ ತುಟಿ ಕಚ್ಚಿಕೊಂಡು ಕೂತರು. ಪುಟ್ಟಿ ಒಂದೊಂದೇ ಪದ ಹುಡುಕಿ ಹೇಳತೊಡಗಿದಳು. ಇಳಿಯುವ ಸ್ಟಾಪ್ ಬಂದಾಗ ಅವಳ ಕತೆ ಇನ್ನೂ ಕುದುರೆಯ ಕಿವಿಯ ಹತ್ತಿರವೇ ಇತ್ತು. ಅಪ್ಪ ಏಳಹೊರಟ. ಅಜ್ಜಿ ಅವನ ಅಂಗಿ ಹಿಡಿದು ಕೂರಿಸಿದರು.