ಅರಿಶಿಣದ ಪದಕ್ಕೆ ಹನ್ನೆರಡು ಅಡಿ ವಾಯರು

೧೯೭೪ರ ನವೆಂಬರ್ ೧೨, ಮಂಗಳವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಹೂವಿನ ಹಿಪ್ಪರಗಿಯಲ್ಲಿ ಅಕ್ಕನ ಮನೆಯ ಪಡಸಾಲೆಯಲ್ಲಿ ಕುಳಿತು ಸಿದ್ದರಾಯ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದ. ಎಂಟರ ಬಸ್ಸಿಗೆ ಅಕ್ಕ ಶೇವಂತೆವ್ವ ಮಿರಜಿನ ಆಸ್ಪತ್ರೆಗೆ ಹೊರಡುವವಳಿದ್ದಳು. ಗಂಟಲಲ್ಲಿ ಗಡ್ಡೆ. ತೆಗೆದರೆ ಜೀವ ಉಳಿಯುತ್ತದೆ, ದನಿ ಹೋಗುತ್ತದೆ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಜೀವಕ್ಕಿಂತ ಹೆಚ್ಚಾಗಿ ಅಕ್ಕನನ್ನು ಕಾಡಿದ್ದು ಬೇರೆಯೇ. ಮಗಳು ತಿಪ್ಪವ್ವನ ಮದುವೆ ಚೈತ್ರದಲ್ಲಿ ಗೊತ್ತಾಗಿತ್ತು. ಆ ಮನೆತನದಲ್ಲಿ ಮದುವೆಯ ಅರಿಶಿಣ ಕುಟ್ಟುವಾಗ ಮೊದಲ ಪೆಟ್ಟಿಗೆ ಹಡೆದವ್ವನೇ ಪದ ಎತ್ತಬೇಕು. ಅವಳು ಎತ್ತಿದ ಮೇಲೆಯೇ ಉಳಿದ ಹೆಂಗಸರು ದನಿಗೂಡಿಸುವುದು. ಸಿಂದಗಿಯ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ತಮ್ಮನಿಗೆ ಅವಳೇ ಹೇಳಿ ಕಳಿಸಿದ್ದಳು, ನಿನ್ನ ಪೆಟ್ಟಿಗೆ ತಗೊಂಡು ಬಾ ಎಂದು.

ಆದರೆ ಪದ ಬರುವುದು ಕೈಯಲ್ಲಿ ಒನಕೆ ಇದ್ದಾಗ ಮಾತ್ರ. ಒರಳು ಅಡಿಗೆಮನೆಯಲ್ಲಿ, ಮನೆಗೆ ಇದ್ದ ಒಂದೇ ಪ್ಲಗ್ಗು ಪಡಸಾಲೆಯಲ್ಲಿ. ಮಾವ ಕುಳಿತಿರುವ ಪಡಸಾಲೆಗೆ ಬಂದು ಹಾಡಲು ಅವಳು ಒಪ್ಪಲಿಲ್ಲ. ಮೈಕಿನ ವಾಯರು ಆರು ಅಡಿ, ಬೇಕಾದದ್ದು ಹದಿನೆಂಟು. ಸಿದ್ದರಾಯ ಬಲ್ಬಿಗೆ ಹಾಕುವ ಸಾದಾ ವಾಯರನ್ನು ಹನ್ನೆರಡು ಅಡಿ ಕತ್ತರಿಸಿ ಜೋಡಿಸಿದ. ಯಾವ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡುವವನು. ಯಾರೂ ಎಡವಬಾರದೆಂದು ಆ ವಾಯರನ್ನು ಗೋಡೆಯ ಮೇಲಿನ ಕರೆಂಟಿನ ವಾಯರಿಗೇ ಒತ್ತಾಗಿ, ಗೇಣಿಗೊಂದು ದಾರ ಕಟ್ಟಿ, ನೆಟ್ಟಗೆ ಎಳೆದ.

ಅಕ್ಕ ಹಾಡಿದಳು. ದನಿ ಆಗಲೇ ಸೀಳಿತ್ತು, ನುಡಿ ಮಾತ್ರ ಸ್ಪಷ್ಟವಾಗಿತ್ತು. ದನಿಯ ಮಟ್ಟ ತೋರಿಸುವ ಪೆಟ್ಟಿಗೆಯ ಮುಳ್ಳು ಚೆನ್ನಾಗಿ ಆಡುತ್ತಿದ್ದುದನ್ನು ನೋಡಿ ಅವನಿಗೆ ಸಮಾಧಾನವಾಯಿತು. ಅವಳು ಬಾಯಿ ತೆರೆಯುವ ಮೊದಲೇ ಆ ಮುಳ್ಳು ಎದ್ದು ನಿಂತಿತ್ತು ಎಂಬುದು ಅವನಿಗೆ ನೆನಪಾದದ್ದು ಬಹಳ ತಡವಾಗಿ. ತಿರುಗಿಸಿ ಕೇಳಿಸಲೇ ಎಂದು ಕೇಳಿದ್ದಕ್ಕೆ ಅಕ್ಕ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೊಸ್ತಿಲಿಗೆ ಬಂದಳು.

"ಈಗ ಬ್ಯಾಡೋ ತಮ್ಮಾ, ಬಸ್ ತಪ್ಪತೈತಿ. ಬಂದ ಮ್ಯಾಲ ಕೇಳ್ತೇನಿ. ಆವಾಗ ನನಗ ಬೇಕಾಗತೈತಿ."

ವಾರದ ಮೇಲೆ ಸಿಂದಗಿಯ ಬಸ್ ಸ್ಟ್ಯಾಂಡಿನ ಎದುರು ಜೈನುದ್ದೀನನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಟೇಪು ಹಾಕಿದರು. ದುಂಬಿಯ ಗೂಡಿಗೆ ಕೋಲು ಹಾಕಿದಂತೆ ಗುಂಯ್ ಎಂದಿತು. ಜೈನುದ್ದೀನ ಕಿವಿ ತಂದು ಸ್ಪೀಕರಿಗೆ ಹಚ್ಚಿದ.

"ಸರ್, ಅಕ್ಕಾರ ಪದ ಅಂದ್ರಿ. ಇದು ಹಿಟ್ಟಿನ ಗಿರಣಿ ಐತೆಲ್ರಿ."

ಮೊದಲು ಪೆಟ್ಟಿಗೆಯದೇ ದೋಷವಿರಬೇಕೆಂದು ಸಿದ್ದರಾಯ ಆಸೆಪಟ್ಟ. ಪೆಟ್ಟಿಗೆಯಿಂದ ಆಂಪ್ಲಿಫೈಯರಿಗೆ ಹೋಗುವ ವಾಯರನ್ನು ಬದಲಿಸಿ, ತಾಮ್ರದ ಜಾಳಿಗೆ ಹೆಣೆದದ್ದನ್ನು ಹಾಕಿದ. ಜಾಳಿಗೆಯ ತುದಿಯನ್ನು ಆಂಪ್ಲಿಫೈಯರಿನ ಲೋಹದ ಡಬ್ಬಿಗೆ ಬೆಸೆದ. ಟೇಪು ನಿಲ್ಲಿಸಿದರೆ ಸ್ಪೀಕರು ಸದ್ದಿಲ್ಲದೆ ಇರುತ್ತಿತ್ತು. ಓಡಿಸಿದರೆ ಗುಂಯ್. ಎಂದರೆ ಗುಂಯ್ ಟೇಪಿನ ಒಳಗೇ ಇತ್ತು. ಮೈಕಿನಿಂದ ಹೊರಡುವ ದನಿ ಕೂದಲೆಳೆಯಷ್ಟು ಸಣ್ಣ ವಿದ್ಯುತ್ತು; ಪಕ್ಕದ ಕರೆಂಟು ಅದರೊಳಗೆ ನುಗ್ಗದಂತೆ ಮೈಕಿನ ವಾಯರಿಗೆ ತಾಮ್ರದ ಅಂಗಿ ತೊಡಿಸಿರುತ್ತಾರೆ. ಅವನು ಹನ್ನೆರಡು ಅಡಿ ಬೆತ್ತಲೆ ಬಿಟ್ಟಿದ್ದ. ಪ್ರತಿ ವರ್ಷ ಹುಡುಗರಿಗೆ ತೋರಿಸುವ ಪ್ರಯೋಗ ಅದು.

"ಇದು ಕಲತವರ ತಪ್ಪು ಸರ್," ಎಂದ ಜೈನುದ್ದೀನ, ಬೆಸುಗೆಯ ಕಡ್ಡಿ ಕೆಳಗಿಡುತ್ತ. "ನನ್ನಂಥವ ಆಗಿದ್ರ ವಾಯರ್ ನೆಲದ ಮ್ಯಾಲ ಹ್ಯಾಂಗರೆ ಒಗದಿರತಿದ್ದ. ಅರ್ಧಕ್ಕರ್ಧ ಉಳೀತಿತ್ತು."

ನಾಲ್ಕು ತಿಂಗಳು ಸಿದ್ದರಾಯ ಹೆಣಗಿದ. ಕರೆಂಟಿನ, ಸೆಕೆಂಡಿಗೆ ಐವತ್ತರ ಕಂಪನವನ್ನು ತಡೆಯಲು ಕೆಪಾಸಿಟರು ಹಾಕಿದರೆ ಅದರ ಮೇಲಿನ ನೂರು, ನೂರೈವತ್ತು, ಇನ್ನೂರು ಉಳಿಯುತ್ತಿದ್ದವು. ಅವನ್ನೂ ಕತ್ತರಿಸಿದರೆ ಅಕ್ಕನೂ ಹೋಗುತ್ತಿದ್ದಳು. ಅವಳ ದನಿ ಇದ್ದದ್ದೇ ಅಲ್ಲಿ. ಅಷ್ಟರಲ್ಲಿ ಅವಳು ಮಿರಜಿನಿಂದ ಮರಳಿದ್ದಳು, ಕೊರಳಿನ ರಂಧ್ರದ ಮೇಲೆ ಬಿಳಿ ಅರಿವೆ ಕಟ್ಟಿಕೊಂಡು. ನೋಡಲು ಹೋದಾಗಲೆಲ್ಲ ಟೇಪು ತಿರುಗುವಂತೆ ಬೆರಳಿನಿಂದ ಗಾಳಿಯಲ್ಲಿ ಸುರುಳಿ ಸುತ್ತಿ ತೋರಿಸುವಳು. ಅವನು ಇನ್ನೂ ಸ್ವಲ್ಪ ಕೆಲಸವಿದೆ ಎನ್ನುವನು.

ಚೈತ್ರ ಬಂತು. ಅರಿಶಿಣ ಕುಟ್ಟುವ ದಿನ ಪೆಟ್ಟಿಗೆ ಪಡಸಾಲೆಯಲ್ಲಿ, ಸ್ಪೀಕರು ಒರಳಿನ ಪಕ್ಕ. ಸ್ಪೀಕರಿಗೆ ಯಾವ ವಾಯರಾದರೂ ನಡೆಯುತ್ತದೆ. ಅಲ್ಲಿ ವಿದ್ಯುತ್ತು ದೊಡ್ಡದು, ಅಂಗಿ ಬೇಡ. ಸ್ಪೀಕರಿನ ವಾಯರಿಗೆ ಅದೇ ಹನ್ನೆರಡು ಅಡಿಯನ್ನು ಜೋಡಿಸಿದ. ಈಗ ಅದರಿಂದ ಯಾವ ತೊಂದರೆಯೂ ಆಗಲಿಲ್ಲ.

"ಮಾಮಾ, ಅವ್ವನ ಪದ ಹಚ್ಚು," ಎಂದಳು ತಿಪ್ಪವ್ವ.

ಹಚ್ಚಿದ. ಒನಕೆ ಹಿಡಿದ ಐವರು ಹೆಂಗಸರು ಕಾದರು. ಗುಂಯ್ಯಿನ ಆಳದಲ್ಲಿ ಯಾರೋ ಬಾವಿಯ ತಳದಿಂದ ಕೂಗಿದಂತೆ ಏನೋ ಏರಿತು, ಇಳಿಯಿತು. ನುಡಿ ಸಿಗಲಿಲ್ಲ. ಹಿರಿಯಳಾದ ರುಕ್ಮವ್ವ ಎಲ್ಲಿಂದ ಹಿಡಿಯಬೇಕೆಂದು ತಿಳಿಯದೆ ಮೆಲ್ಲಗೆ ಕೇಳಿದಳು, "ಪದ ಎತ್ಯಾಳೇನು ಇನ್ನ?"

ಶೇವಂತೆವ್ವ ಬಾಗಿಲಾಚೆ ಕುಳಿತಿದ್ದ ತಮ್ಮನ ಕಡೆ ನೋಡಿ ಕೈ ಮೇಲೆತ್ತಿದಳು: ಹೆಚ್ಚಿಸು. ಹೆಚ್ಚಿಸಿದ. ಗುಂಯ್ಯೂ ಅಷ್ಟೇ ಹೆಚ್ಚಿತು. ಇನ್ನೂ ಎಂದು ಸನ್ನೆ ಮಾಡಿದಳು. ಗುಂಡಿ ಕೊನೆಗೆ ಹೋಗಿ ನಿಂತಿತು. ಅವಳು ಬಗ್ಗಿ ಸ್ಪೀಕರಿನ ಬಟ್ಟೆಯ ಮೇಲೆ ಅಂಗೈ ಇಟ್ಟಳು. ಮಗುವಿನ ಜ್ವರ ನೋಡುವಂತೆ ಸ್ವಲ್ಪ ಹೊತ್ತು ಇಟ್ಟುಕೊಂಡೇ ಇದ್ದಳು. ಆಮೇಲೆ ಇನ್ನೊಂದು ಕೈಯಿಂದ, ನಿಲ್ಲಿಸು ಎಂದಳು.

ಮೊದಲ ಪೆಟ್ಟು ಅವಳೇ ಹಾಕಿದಳು. ಪದ ಯಾರೂ ಎತ್ತಿಕೊಟ್ಟಿರಲಿಲ್ಲವಾದ್ದರಿಂದ ಯಾರೂ ಹಾಡಲಿಲ್ಲ. ಅರಿಶಿಣ ಪುಡಿಯಾಗುವವರೆಗೆ ಒನಕೆಗಳ ಸದ್ದೊಂದೇ ಇತ್ತು.

ಸಿಂದಗಿಗೆ ಮರಳಿದ ಮೇಲೆ, ಮಾಡಲು ಬೇರೇನೂ ಉಳಿಯದೆ, ಸಿದ್ದರಾಯ ಸ್ಪೀಕರಿನ ತುದಿಗಳಿಗೆ ಮೀಟರು ಹಚ್ಚಿ ಅಳೆದ. ಅಕ್ಕ ದನಿ ಎತ್ತರಿಸಿ ಹಾಡುವ ಕಡೆ ೦.೭೧ ವೋಲ್ಟ್. ಅವಳು ಉಸಿರೆಳೆದುಕೊಳ್ಳಲು ನಿಲ್ಲಿಸಿ ಬರೀ ಗುಂಯ್ ಉಳಿದ ಕಡೆ ೦.೬೨ ವೋಲ್ಟ್.