ಮಾವನವರ ಟೈಮಿಂಗ್ ಬೆಲ್ಟು

ಮಾವನವರು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿ ನಿವೃತ್ತರಾದವರು. ಅದರಿಂದ ಕಾಲೇಜಿಗೆ ಬಿಡುಗಡೆ ಸಿಕ್ಕಿತು, ಮನೆಯವರಿಗೆ ಸಿಗಲಿಲ್ಲ. ಅವರ ಕಾರನ್ನು ಅವರ ಹೊರತು ಇನ್ನಾರೂ ಓಡಿಸಕೂಡದು ಎಂಬುದು ಮನೆಯ ಕಾನೂನು. ಮದುವೆಯಾದ ಹೊಸತರಲ್ಲಿ ಅಳಿಯನಿಗೆ ಅದರ ಬಾಗಿಲು ಮೆತ್ತಗೆ ಹಾಕುವುದು ಹೇಗೆಂದು ಒಂದು ಮಧ್ಯಾಹ್ನವಿಡೀ ಪಾಠವಾಗಿತ್ತು. ಅಳಿಯ ಫಿಸಿಯೋಥೆರಪಿಸ್ಟ್, ಸೊಂಟ, ಕತ್ತು, ಮಂಡಿ ಹಿಡಿದುಕೊಂಡವರನ್ನೆಲ್ಲ ನೆಟ್ಟಗೆ ನಡೆಸುವವನು. ಮಾವನವರ ಲೆಕ್ಕದಲ್ಲಿ ಅದು ಕೈಕಾಲು ಒತ್ತುವ ಕೆಲಸ.

ಬೆಲ್ಟಿನ ಮಾತು ಬಂದದ್ದು ಹಿಂದಿನ ಸರ್ವೀಸಿನಲ್ಲಿ. ಗ್ಯಾರೇಜಿನವನು, "ಟೈಮಿಂಗ್ ಬೆಲ್ಟು ಹಳೇದಾಗಿದೆ ಸಾರ್, ಬದಲಾಯಿಸಿಬಿಡೋಣ. ಓಡೋವಾಗ ತುಂಡಾದ್ರೆ ಪಿಸ್ಟನ್ನು ಹೋಗಿ ವಾಲ್ವಿಗೆ ಗುದ್ದುತ್ತೆ, ಇಂಜಿನ್ನೇ ಎಕ್ಕುಟ್ಟೋಗುತ್ತೆ" ಎಂದಿದ್ದ.

ಮಾವನವರು ಕನ್ನಡಕ ಸರಿಮಾಡಿಕೊಂಡರು. "ಇಷ್ಟು ವರ್ಷದಲ್ಲಿ ಒಂದು ಸಲವಾದ್ರೂ ತುಂಡಾಗಿದೆಯಾ?"

"ಇಲ್ಲ ಸಾರ್."

"ಹಾಗಿದ್ರೆ ಅದು ಗಟ್ಟಿ ಇದೆ ಅನ್ನೋದಕ್ಕೆ ಸಾಕ್ಷಿಯೋ, ಸವೆದಿದೆ ಅನ್ನೋದಕ್ಕೆ ಸಾಕ್ಷಿಯೋ?"

ಗ್ಯಾರೇಜಿನವನು ತಲೆ ಕೆರೆದುಕೊಂಡು ಬಾನೆಟ್ಟು ಮುಚ್ಚಿದ. ಬೆಲ್ಟಿಗೆ ಪಾಪ ತರ್ಕಶಾಸ್ತ್ರ ಬರುತ್ತಿರಲಿಲ್ಲ. ಅದು ತನ್ನ ಪಾಡಿಗೆ ತಾನು ಸವೆಯುತ್ತ ಹೋಯಿತು.

ಅತ್ತೆ ತಂಗಿಯ ಮನೆಯಿಂದ ರೈಲಿನಲ್ಲಿ ವಾಪಸು ಬರುವ ದಿನ ಮಾವ ಅಳಿಯನನ್ನೂ ಜೊತೆಗೆ ಹೊರಡಿಸಿದರು. ಸೂಟ್‌ಕೇಸ್ ಎತ್ತುವುದಕ್ಕೆ ಯಾರಾದರೂ ಬೇಕಲ್ಲ. ಮೇಲ್ಸೇತುವೆ ಇಳಿಯುವಾಗ ಬಾನೆಟ್ಟಿನೊಳಗೆ ಟಪ್ಪೆಂದಿತು. ಇಂಜಿನ್ ಗಪ್ ಚಿಪ್. ಕಾರು ಇಳಿಜಾರಿನ ದಯೆಯಿಂದ ರಸ್ತೆಯ ಅಂಚಿಗೆ ಬಂದು ನಿಂತಿತು.

ಮಾವ ಕೀಲಿ ತಿರುಗಿಸಿದರು. ಸ್ಟಾರ್ಟರ್ ಎಂದಿನ ಗೊಣಗಾಟವಿಲ್ಲದೆ ವೀಂ ಎಂದು ಸರಾಗವಾಗಿ ತಿರುಗಿತು, ಇಂಜಿನ್ ಮಾತ್ರ ಹೊತ್ತಿಕೊಳ್ಳಲಿಲ್ಲ.

"ಕೇಳಿಸ್ತಾ? ಎಷ್ಟು ಹಗುರವಾಗಿ ತಿರುಗ್ತಿದೆ! ಇಂಜಿನ್ ಆರೋಗ್ಯವಾಗಿದೆ ಅಂತ ಅರ್ಥ."

"ಮಾವ, ಬೆಲ್ಟೇ ಹೋಗಿದ್ರೆ? ಮತ್ತೆ ಮತ್ತೆ ತಿರುಗಿಸಿದ್ರೆ ಇನ್ನೂ ಹಾಳಾಗುತ್ತಂತೆ."

"ಬೆಲ್ಟಿನ ವಿಷಯ ಆವತ್ತೇ ಇತ್ಯರ್ಥ ಆಯ್ತಲ್ಲ ಅಳಿಯಂದ್ರೆ. ಇದು ಪೆಟ್ರೋಲಿನ ತಕರಾರು. ಇಳಿದು ತಳ್ಳಿ. ಸೆಕೆಂಡ್ ಗೇರಲ್ಲಿ ಕ್ಲಚ್ ಬಿಟ್ರೆ ತಾನಾಗೇ ಎದ್ದು ಕೂರುತ್ತೆ."

ಅಳಿಯ ಇಳಿದ. ಬೆನ್ನು ಬಗ್ಗಿಸಿ ಭಾರ ತಳ್ಳಬೇಡಿ ಎಂದು ದಿನವಿಡೀ ಊರಿಗೆಲ್ಲ ಬೋಧಿಸುವವನು ಬೆನ್ನು ಬಗ್ಗಿಸಿ ತಳ್ಳಿದ. ಮಾವ ಕ್ಲಚ್ ಬಿಟ್ಟ ಕೂಡಲೇ ಒಳಗಿನಿಂದ ಪಾತ್ರೆಗಳ ನಡುವೆ ಸುತ್ತಿಗೆ ಉರುಳಿದಂಥ ಸದ್ದು ಬಂತು.

"ಹಾಂ, ಬಂತು ಬಂತು! ಇನ್ನೊಂದ್ಸಲ!"

ಮೂರನೆಯ ಸಲಕ್ಕೆ ಬಂದದ್ದು ಒಂದು ಟ್ಯಾಕ್ಸಿ. ಸ್ಟೇಷನ್ನಿನಲ್ಲಿ ಕಾದು ಸಾಕಾಗಿ ಅತ್ತೆ ಅದನ್ನು ಹಿಡಿದಿದ್ದರು. ಅಷ್ಟರಲ್ಲಿ ಮಾವನೂ ಕೆಳಗಿಳಿದು ಬಾನೆಟ್ಟನ್ನು ದಿಟ್ಟಿಸುತ್ತಿದ್ದರು.

"ಏನ್ರೀ ಇದು?" ಎಂದರು ಅತ್ತೆ.

"ಏನಿಲ್ಲ ಕಣೆ. ಅಳಿಯಂದ್ರು ಓಡಿಸ್ತಿದ್ರು. ಅಭ್ಯಾಸ ಸಾಲದು, ಪಾಪ. ಏನೂ ಅನ್ಬೇಡ."

ಅಳಿಯ ಬಾಯಿ ತೆರೆದ. ವರ್ಷಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತುಗಳೆಲ್ಲ ಸಾಲುಗಟ್ಟಿ ಬಂದವು. ಅಷ್ಟರಲ್ಲಿ ಮಾವ ಕೀಲಿಯನ್ನು ಬೆನ್ನ ಹಿಂದೆ ಬಚ್ಚಿಡುತ್ತಿದ್ದುದು ಕಂಡಿತು. ತರ್ಕವೆಲ್ಲ ಖಾಲಿಯಾಗಿ ನಿಂತಿದ್ದರು ಮನುಷ್ಯ.

"ಹೌದು ಅತ್ತೆ, ನನ್ನದೇ ತಪ್ಪು" ಎಂದುಬಿಟ್ಟ.

ಅತ್ತೆ ಡ್ರೈವರ್ ಬಾಗಿಲು ತೆರೆದು ನೋಡಿದರು. ಗಂಡ ಗಿಡ್ಡ; ಸೀಟು ಸ್ಟೀರಿಂಗಿಗೆ ಮೈಯೊತ್ತಿಕೊಂಡಿತ್ತು. ಅಳಿಯ ಆರಡಿ ಆಳು. ಅಲ್ಲಿ ಕೂರಬೇಕಾದರೆ ಮಂಡಿಯನ್ನು ಕಿವಿಗೆ ಸಿಕ್ಕಿಸಿಕೊಳ್ಳಬೇಕಿತ್ತು. ಆಕೆ ಮೆತ್ತಗೆ ಬಾಗಿಲು ಹಾಕಿದರು.

ಕಾರನ್ನು ಎಳೆಸಿಕೊಂಡು ಗ್ಯಾರೇಜಿಗೆ ಒಯ್ದದ್ದಾಯಿತು. ಇಂಜಿನ್ ಬಿಚ್ಚಿದಾಗ ವಾಲ್ವುಗಳೆಲ್ಲ ಸೊಟ್ಟ, ಪಿಸ್ಟನ್ನುಗಳ ನೆತ್ತಿಯ ಮೇಲೆ ಗಾಯ. "ಬೆಲ್ಟು ಹೋದ್ಮೇಲೆ ತಳ್ಳಿ ಬೇರೆ ನೋಡಿದೀರಲ್ಲ ಸಾರ್, ಯಾರದು ಈ ಐಡಿಯಾ?" ಎಂದ ಗ್ಯಾರೇಜಿನವನು. ಮಾವನವರು ಗೋಡೆಯ ಮೇಲಿನ ಟೈರಿನ ಜಾಹೀರಾತನ್ನು ಬಹಳ ಆಸ್ಥೆಯಿಂದ ಓದತೊಡಗಿದರು. ಅಳಿಯ ಮೆಲ್ಲನೆ ಕೈ ಎತ್ತಿದ. ಸೊಂಟ ಚುಳುಕ್ ಎಂದಿತು.

ರಿಪೇರಿಯಾಗಿ ಕಾರು ಮನೆಗೆ ಬಂದ ದಿನ ಅತ್ತೆ ಕೀಲಿಯನ್ನು ಅಳಿಯನ ಕೈಗೆ ಹಾಕಿದರು. "ಇನ್ಮೇಲೆ ನೀವೇ ಓಡಿಸಿ."

"ಅವರಿಗೆ ಅಭ್ಯಾಸ ಇಲ್ಲ ಅಂದೆನಲ್ಲ!" ಮಾವ ಹೌಹಾರಿದರು.

"ಅದಕ್ಕೇ, ಆಗಲಿ ಅಂತ. ಅಥವಾ ಆವತ್ತು ನೀವು ಹೇಳಿದ್ರಲ್ಲಿ ಏನಾದ್ರೂ ತಿದ್ದೋದಿದೆಯಾ?"

ತರ್ಕಶಾಸ್ತ್ರಜ್ಞರು ಎರಡೂ ದಾರಿಗಳನ್ನು ಪರಿಶೀಲಿಸಿದರು. ಎರಡೂ ಮುಚ್ಚಿದ್ದವು. ಹೋಗಿ ಪಕ್ಕದ ಸೀಟಿನಲ್ಲಿ ಕೂತರು.

ಮೊದಲ ತಿರುವಿನಲ್ಲೇ "ಇಂಡಿಕೇಟರ್!" ಎಂದರು.

"ಹಾಕಿದೀನಿ ಮಾವ."

ಸ್ವಲ್ಪ ದೂರ ಹೋದ ಮೇಲೆ, ಕಿಟಕಿಯಾಚೆ ಇನ್ನಾರಿಗೋ ಹೇಳುವವರಂತೆ, "ಪರವಾಗಿಲ್ಲ, ಓಡಿಸ್ತೀರಿ" ಎಂದರು. ಅಳಿಯನ ಕಿವಿ ಬಿಸಿಯಾಯಿತು. ಹಿಂದಿನ ಸೀಟಿನಲ್ಲಿ ಅತ್ತೆ ಥಟ್ಟನೆ ಕಣ್ಣು ಮುಚ್ಚಿ, ಏನೂ ಕೇಳಿಸದೆ ನಿದ್ದೆ ಹೋದವರ ಹಾಗೆ ತಲೆ ವಾಲಿಸಿದರು.